ಲಾಲ್‌ಬಾಗ್ ಪ್ರದರ್ಶನಕ್ಕೆ ಹೋಗುವ ಹೊಸ ಸದಸ್ಯರ ಗಮನಕ್ಕೆ

ತಾರಸಿ ತೋಟಕ್ಕೆ ಹೊಸದಾಗಿ ಕೈಹಾಕಿದವರು ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ ಕಂಡದ್ದನ್ನೆಲ್ಲ ಚೀಲಕ್ಕೆ ತುಂಬಬೇಡಿ. ಮೊದಲಿಗೆ 12 ಇಂಚಿನ ಆರು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಸಾಕು. ಒಂದೊಂದಕ್ಕೂ ಸುಮಾರು 20 ಲೀಟರ್ ಮಣ್ಣಿನ ಮಿಶ್ರಣ ಹಿಡಿಯುತ್ತದೆ. 5 ಕೆಜಿಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ನೆನೆದರೆ 60 ಲೀಟರ್ ದಾಟುತ್ತದೆ. ಮಣ್ಣು, ಗೊಬ್ಬರ ಸೇರಿಸಿದರೆ ಆರು ಚೀಲಕ್ಕೂ ಒಂದೇ ಇಟ್ಟಿಗೆ ಸಾಕು.

ಬೀಜದಲ್ಲೇ ಹೆಚ್ಚು ದುಡ್ಡು ಪೋಲು. ಈರುಳ್ಳಿ ಬೀಜ ವರ್ಷ ಕಳೆದರೆ ಸರಿಯಾಗಿ ಮೊಳೆಯದು, ಟೊಮೆಟೊ ಮೂರ್ನಾಲ್ಕು ವರ್ಷ ತಡೆಯುತ್ತದೆ. ಹಳೆಯ ಪೊಟ್ಟಣವಿದ್ದರೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರ-ಹತ್ತು ದಿನದಲ್ಲಿ ಏಳು ಮೊಳೆತರೆ ಹೊಸದು ಬೇಡ. ಮೆಂತ್ಯ, ಧನಿಯ ಅಡುಗೆಮನೆಯ ಡಬ್ಬಿಯಲ್ಲೇ ಇದೆಯಲ್ಲ! ಧನಿಯವನ್ನು ಎರಡು ಹೋಳು ಮಾಡಿ ಬಿತ್ತಿ.

ಹನಿ ನೀರಾವರಿ ಕಿಟ್ಟೇ? ಇಪ್ಪತ್ತು ಕುಂಡ ದಾಟುವವರೆಗೆ ಚೊಂಬು ಸಾಕು.