ಪುಟ್ಟ ಫಿಜಿ, ದೊಡ್ಡ ಆಟ

ಮಾನ್ಯರೇ,

ಫಿಜಿಯ ಜನಸಂಖ್ಯೆ ಸುಮಾರು 9 ಲಕ್ಷ. ನಮ್ಮ ಬೆಂಗಳೂರಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಆ ದೇಶ 2016ರ ರಿಯೊ ಒಲಿಂಪಿಕ್ಸ್‌ನ ಸೆವೆನ್ಸ್ ರಗ್ಬಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಫೈನಲ್‌ನಲ್ಲಿ ಬ್ರಿಟನ್ನನ್ನು 43–7ರಿಂದ ಸೋಲಿಸಿತು. ಅದು ಫಿಜಿಗೆ ಸಿಕ್ಕ ಮೊಟ್ಟಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ! ಟೋಕಿಯೊದಲ್ಲೂ ಮತ್ತೆ ಚಿನ್ನ. ಇದು ಸುಮ್ನೆ ಬಂದದ್ದಲ್ಲ. ಅಲ್ಲಿ ಹಳ್ಳಿ ಹಳ್ಳಿಯಲ್ಲೂ ಮಕ್ಕಳು ರಗ್ಬಿ ಆಡುತ್ತಾರೆ. ಚೆಂಡಿಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿಯೇ ಸಾಕು. ಸೆವೆನ್ಸ್‌ನಲ್ಲಿ ಒಂದು ತಂಡದಿಂದ ಕಣಕ್ಕಿಳಿಯುವುದು ಏಳೇ ಜನ. ಊರೆಲ್ಲ ಆಡಿದರೆ ಏಳು ಒಳ್ಳೆ ಆಟಗಾರರು ಸಿಕ್ಕೇ ಸಿಗುತ್ತಾರೆ, ಅಲ್ವಾ?

ನಮ್ಮ ಬಡಾವಣೆಯ ಮೈದಾನಕ್ಕೆ ಸಂಜೆ ಐದಕ್ಕೇ ಬೀಗ. ಮಕ್ಕಳು ನಿಲ್ಲಿಸಿದ ಕಾರುಗಳ ನಡುವೆ ಆಡುತ್ತಾರೆ. ದಯವಿಟ್ಟು ಕತ್ತಲಾಗುವ ತನಕ ಆ ಗೇಟು ತೆರೆದಿಡಿ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು