ಬೇಸ್ ಮಾರಬೇಡ ಅಳಿಯಾ

ಹಾಸನ
ಭಾನುವಾರ ಬೆಳಗ್ಗೆ

ಪ್ರೀತಿಯ ಅಳಿಯನಿಗೆ ನಿನ್ನ ಮಾವನ ಆಶೀರ್ವಾದ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮತ್ತೆಗೆ ಮಂಡಿನೋವು, ಅದು ಇದ್ದದ್ದೇ. ಮೊನ್ನೆ ನಿನ್ನಮ್ಮ, ನಮ್ಮ ಅಕ್ಕ, ಫೋನ್ ಮಾಡಿದ್ದಳು. ನೀನು ಬೇಸ್ ಗಿಟಾರಿನ ಫೋಟೊ ತೆಗೆದು ಮಾರಾಟಕ್ಕೆ ಹಾಕಿದ್ದೀಯಂತೆ. ಗಣಪತಿ ಪ್ರೋಗ್ರಾಂಗೆ ನಿಮ್ಮ ಆರ್ಕೆಸ್ಟ್ರಾದವರು ನಿನ್ನನ್ನು ಬಿಟ್ಟು, ಪೆನ್‌ಡ್ರೈವಿನಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್ ಹಾಕಿಕೊಂಡು ಮುಗಿಸಿದರಂತೆ. ಬ್ಯಾನರಿನಲ್ಲಿ ಹಾಡುವವರ ಮುಖ, ಕೀಬೋರ್ಡಿನವರ ಮುಖ, ಕೊನೆಗೆ ಶಾಮಿಯಾನದವರ ಮುಖವೂ ಇತ್ತಂತೆ, ನಿನ್ನದು ಮಾತ್ರ ಇಲ್ಲ. ನೀನು ವಾಟ್ಸ್‌ಆಪ್ ಗ್ರೂಪಿನಲ್ಲಿ ಏನೇನೋ ಬರೆದು ಹೊರಗೆ ಬಂದೆಯಂತೆ. ಎಲ್ಲವೂ 'ಅಂತೆ'ಯೇ. ನೀನಾಗಿ ನನಗೆ ಒಂದು ಮಾತು ಹೇಳಲಿಲ್ಲ. ಫೋನ್ ಮಾಡಿದರೆ 'ಹ್ಞೂಂ ಮಾವ, ಹ್ಞೂಂ ಮಾವ' ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಸಿಟ್ಟು ಬಂದದ್ದು ತಪ್ಪಲ್ಲ. ಆರ್ಕೆಸ್ಟ್ರಾದಲ್ಲಿ ದುಡ್ಡು ಕಡಿಮೆ ಬಿತ್ತು ಅಂದರೆ ಮೊದಲು ಇಳಿಸುವುದು ಬೇಸಿನವನನ್ನೇ. ನನ್ನ ಕಾಲದಲ್ಲಿ ಕೆಳಗಿನ ಸ್ವರ ನುಡಿಸುವ ಕೀಬೋರ್ಡಿನವನ ಎಡಗೈ ನಮ್ಮ ಜಾಗ ಕಿತ್ತುಕೊಂಡಿತು, ನಿನ್ನ ಕಾಲದಲ್ಲಿ ಪೆನ್‌ಡ್ರೈವ್. ನಾನೂ ಒಂದು ಸಲ ಬಿಟ್ಟಿದ್ದೆ, ನಿನಗೆ ಗೊತ್ತಿರಲಿಕ್ಕಿಲ್ಲ. ಹೊಳೆನರಸೀಪುರದ ಕಡೆ ಒಂದು ಹಳ್ಳಿಯಲ್ಲಿ ರಾತ್ರಿಯೆಲ್ಲ ಬಾರಿಸಿ ಬಂದಮೇಲೆ ಪೇಮೆಂಟಿನಲ್ಲಿ 50 ರೂಪಾಯಿ ಕಮ್ಮಿ ಕೊಟ್ಟರು. ಬಸ್‌ಸ್ಟ್ಯಾಂಡಿನಲ್ಲೇ ಕೂಗಾಡಿದೆ. ಆಮೇಲೆ ಎರಡು ವರ್ಷ ಬೇಸ್ ಮುಟ್ಟಲಿಲ್ಲ, ಅಟ್ಟದ ಮೇಲಿಟ್ಟೆ. ಆ ಎರಡು ವರ್ಷದಲ್ಲಿ ಆರ್ಕೆಸ್ಟ್ರಾದವರಿಗೆ ಏನೂ ಆಗಲಿಲ್ಲ. ನನ್ನ ಕಥೆ ಬೇರೆ. ಒಂದು ಸಂಜೆ ಆಫೀಸ್ ಬಿಟ್ಟು ಬಸ್ಸಿನಲ್ಲಿ ಬರುತ್ತಿದ್ದೆ, ಡ್ರೈವರ್ ಹಾಡು ಹಾಕಿದ್ದ. ನೋಡಿದರೆ ನನ್ನ ಎಡಗೈ ಬೆರಳುಗಳು ಮುಂದಿನ ಸೀಟಿನ ಕಂಬಿ ಮೇಲೆ ತಾವಾಗಿ ಓಡಾಡುತ್ತಿವೆ. ಪಕ್ಕದಲ್ಲಿದ್ದವರು "ಕೈ ನಡುಗುತ್ತಾ ಸಾರ್? ಡಾಕ್ಟರಿಗೆ ತೋರಿಸಿ" ಅಂದರು. ಮನೆಗೆ ಬಂದವನೇ ಏಣಿ ಹಾಕಿದೆ. ಇಲಿ ಕವರ್ ಕಡಿದಿತ್ತು, ಪುಣ್ಯಕ್ಕೆ ವೈರ್ ಕಡಿದಿರಲಿಲ್ಲ.

ಹೆಸರಿನ ವಿಷಯ. ಅಮೆರಿಕದ ಜೇಮ್ಸ್ ಜೇಮರ್ಸನ್ ಅಂತ ಒಬ್ಬ ಬೇಸ್ ವಾದಕ. ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಯ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದವನು ಆತನೇ. ಬಲಗೈಯ ಒಂದೇ ಬೆರಳಿನಲ್ಲಿ ನುಡಿಸುತ್ತಿದ್ದ. 1971ರವರೆಗೆ ಆ ಕಂಪನಿ ತನ್ನ ರೆಕಾರ್ಡುಗಳ ಮೇಲೆ ವಾದ್ಯದವರ ಹೆಸರನ್ನೇ ಹಾಕುತ್ತಿರಲಿಲ್ಲ. ಅಂಥವನಿಗೇ ಹಾಗಾದರೆ ಚಿಕ್ಕಮಗಳೂರಿನ ಬ್ಯಾನರಿನಲ್ಲಿ ನಿನ್ನ ಮುಖ ಇಲ್ಲದ್ದು ದೊಡ್ಡದಲ್ಲ ಅಂತ ಹೇಳಲು ಹೊರಟಿದ್ದೆ. ಆದರೆ ಅದು ಸರಿಯಲ್ಲ. ಆತನಿಗೆ ಆದದ್ದೂ ಅನ್ಯಾಯವೇ, ನಿನಗೆ ಆದದ್ದೂ ಅನ್ಯಾಯವೇ. ಮುಂದಿನ ಸಲ ಬ್ಯಾನರ್ ಪ್ರಿಂಟಿಗೆ ಹೋಗುವ ಮೊದಲೇ "ನನ್ನ ಹೆಸರು ಹಾಕಿ" ಅಂತ ಕೇಳು. ಬಾಯಿಬಿಟ್ಟು ಕೇಳು. ಗ್ರೂಪಿನಲ್ಲಿ ಬರೆಯಬೇಡ, ಎದುರಿಗೆ ಕೂತು ಕೇಳು.

ಇನ್ನೊಂದು ದೂರು ಇತ್ತಲ್ಲ, "ವಿಡಿಯೋದಲ್ಲಿ ನಂದು ಕೇಳಿಸೋದೇ ಇಲ್ಲ" ಅಂತ? ಅದಕ್ಕೆ ಯಾರನ್ನೂ ಬೈಯಬೇಡ. ನಿನ್ನ ದಪ್ಪ ತಂತಿ ಸೆಕೆಂಡಿಗೆ 41 ಸಲ ಅದುರುತ್ತದೆ. ಫೋನಿನಲ್ಲಿರುವ ಹುಣಸೆಬೀಜದಷ್ಟು ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ. ಅಕ್ಕನಿಗೆ ಒಂದು ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿಸು, ಮಗನ ಕೆಲಸ ಗೊತ್ತಾಗುತ್ತದೆ. ಹಾಗೇ ನೀನೂ ಒಂದು ರಾತ್ರಿ ಕೂತು, 80ರ ದಶಕದಲ್ಲಿ ಇಳಯರಾಜ ಅವರು ಕನ್ನಡಕ್ಕೆ ಮಾಡಿದ ಹಾಡುಗಳನ್ನು ಬರೀ ಬೇಸಿಗೋಸ್ಕರ ಕೇಳು. ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುತ್ತದೆ.

ಈಗ ಪೆನ್‌ಡ್ರೈವಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಬೇಕೆಂದೇ ಕೂತದ್ದು.

ಆಲೂರು ತಾಲ್ಲೂಕಿನ ಒಂದು ಹಳ್ಳಿ, ರಾಜ್ಯೋತ್ಸವದ ರಸಮಂಜರಿ. ಹಾಡುವ ಹುಡುಗಿ ಹೊಸಬಳು. ಡಿಗ್ರಿ ಓದುತ್ತಿದ್ದಳು, ಅವಳ ಅಪ್ಪ ಸ್ಟೇಜಿನ ಪಕ್ಕದಲ್ಲೇ ಶಾಲು ಹೊದ್ದು ನಿಂತಿದ್ದರು. ಪಲ್ಲವಿ ಚೆನ್ನಾಗಿ ಹೋಯಿತು. ಮಧ್ಯದ ಮ್ಯೂಸಿಕ್ ಮುಗಿಯಿತು. ಚರಣ ಎತ್ತಬೇಕು, ಆಗ ಸಾಲೇ ಮರೆತುಹೋಯಿತು. ಮೈಕ್ ಹಿಡಿದ ಕೈ ಕೆಳಗಿಳಿಯಿತು. ಕೀಬೋರ್ಡಿನವನು ತಲೆ ಬಗ್ಗಿಸಿ ಮುಂದಿನ ಹಾಡಿನ ಟೋನ್ ಹುಡುಕುತ್ತಿದ್ದ, ನೋಡಲೇ ಇಲ್ಲ. ಡ್ರಮ್ಸಿನವನು ನನ್ನ ಕಡೆ ನೋಡಿದ. ನಾನು ಮೂಲ ಸ್ವರಕ್ಕೆ ಬಂದು ಅಲ್ಲೇ ನಿಂತುಬಿಟ್ಟೆ. ಧಮ್... ಧಧಮ್. ಧಮ್... ಧಧಮ್. ಅವನು ಉಳಿದದ್ದೆಲ್ಲ ಬಿಟ್ಟು ಬರೀ ಕಾಲಿನ ಕಿಕ್ ಡ್ರಮ್ಮು, ಹೈಹ್ಯಾಟ್ ತಾಳ ಇಟ್ಟುಕೊಂಡ. ಒಂದು ಸುತ್ತು ಆಯಿತು, ಎರಡು ಸುತ್ತು ಆಯಿತು. ಕೊಳಲಿನವನು ಸುಮ್ನೆ ಒಂದು ಎಳೆ ಬಿಟ್ಟ. ಹುಡುಗಿ ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ನಾಲ್ಕನೇ ಸುತ್ತಿಗೆ ಸಾಲು ಸಿಕ್ಕಿತು. ಎತ್ತಿಕೊಂಡಳು ನೋಡು, ಏನೂ ಆಗೇ ಇಲ್ಲವೆಂಬ ಹಾಗೆ.

ಮುಗಿದಮೇಲೆ ಸಂಘದ ಅಧ್ಯಕ್ಷರು ಸ್ಟೇಜಿಗೆ ಬಂದು ಕೊಳಲಿನವನ ಬೆನ್ನು ತಟ್ಟಿದರು. "ಆ ನಡುವೆ ಬಾರಿಸಿದ್ರಲ್ಲ, ಅದು ಬಹಳ ಚೆನ್ನಾಗಿತ್ತು!" ನಾನೂ ಡ್ರಮ್ಸಿನವನೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಶಾಲೆಯ ಜಗಲಿಯಲ್ಲಿ ಊಟಕ್ಕೆ ಕೂತಾಗ ಆ ಹುಡುಗಿ ತನ್ನ ಎಲೆಯ ಮೈಸೂರ್ ಪಾಕನ್ನು ತೆಗೆದು ನನ್ನ ಎಲೆಗೆ ಹಾಕಿ ಹೋದಳು. ಒಂದು ಮಾತೂ ಆಡಲಿಲ್ಲ.

ಟ್ರ್ಯಾಕ್ ಆಗಿದ್ದರೆ ಏನಾಗುತ್ತಿತ್ತು ಹೇಳು? ಅದರ ಪಾಡಿಗೆ ಅದು ಓಡುತ್ತಿತ್ತು. ಹುಡುಗಿ ಹಿಂದೆ ಉಳಿಯುತ್ತಿದ್ದಳು. ಟ್ರ್ಯಾಕ್ ಕಾಯುವುದಿಲ್ಲ. ನಾವು ಬಸ್ಸಿಗೂ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ, ಎರಡಕ್ಕೂ ಒಂದೇ ಮಾತು ಅಲ್ವಾ? ಬೇಸಿನವನ ಕೆಲಸದಲ್ಲಿ ಎರಡೂ ಇದೆ. ನಿಮ್ಮ ಆರ್ಕೆಸ್ಟ್ರಾದವರಿಗೆ ಇದು ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ಗೊತ್ತಾಗದೇ ಇದ್ದರೂ ಇರಬಹುದು, ನಾನು ಗ್ಯಾರಂಟಿ ಕೊಡುವುದಿಲ್ಲ. ಆದರೆ ಅವರು ಕರೆದ ದಿನ ನೀನು ಟ್ರ್ಯಾಕಿನ ಹಾಗೇ ನುಡಿಸಿದರೆ ನಿನಗೂ ಪೆನ್‌ಡ್ರೈವಿಗೂ ವ್ಯತ್ಯಾಸ ಏನು? ಹಾಡುವವರ ಉಸಿರು ನೋಡು. ಡ್ರಮ್ಸಿನವನ ಬಲಗಾಲು ನೋಡು. ಬೇಸಿನ ಕತ್ತಿನ ಮೇಲಿನ ಫ್ರೆಟ್ ಪಟ್ಟಿ ನೋಡಿದ್ದು ಸಾಕು.

ನೀನು ಕಳೆದ ವರ್ಷ ಮದುವೆ ರಿಸೆಪ್ಷನ್ನಿನಲ್ಲಿ ನುಡಿಸಿದ್ದು ಕೇಳಿದ್ದೆ. ಬೆರಳು ಚುರುಕಾಗಿದೆ, ನನಗಿಂತ ಜಾಸ್ತಿಯೇ. ಆದರೆ ಕಲ್ಯಾಣಮಂಟಪ ಗುಹೆಯಿದ್ದ ಹಾಗೆ. ಒಂದು ಸ್ವರ ಸಾಯುವ ಮೊದಲೇ ಇನ್ನೊಂದು ಬಂದು ಬಿದ್ದರೆ ಕೇಳುವವರಿಗೆ ಬರೀ ಗುಡುಗುಡು. ಅಲ್ಲಿ ಸ್ವರ ಕಮ್ಮಿ ಮಾಡು, ಹಿಡಿದದ್ದನ್ನು ಬೇಗ ಬಿಡು. ಆಂಪನ್ನು (ಆಂಪ್ಲಿಫೈಯರ್ ಪೆಟ್ಟಿಗೆ) ಮೂಲೆಗೆ ತಳ್ಳಬೇಡ, ಮೂಲೆ ಸಿಕ್ಕರೆ ಕೆಳಗಿನ ಸದ್ದು ಇನ್ನೂ ಉಬ್ಬುತ್ತದೆ. ಇನ್ನೊಂದು, ನೀನು ಬೆರಳೊತ್ತದ ಖಾಲಿ ತಂತಿಯನ್ನು ಜಾಸ್ತಿ ನಂಬುತ್ತೀಯ. ಹಾಡುವವರಿಗೆ ನೆಗಡಿಯಾಗಿ ಸ್ಟೇಜಿನ ಮೇಲೆ ಅರ್ಧ ಸ್ವರ ಇಳಿಸಿದರು ಅಂದುಕೋ. ಕೀಬೋರ್ಡಿನವನು ಒಂದು ಬಟನ್ ಒತ್ತುತ್ತಾನೆ. ನೀನು ಇಡೀ ಕೈಯನ್ನು ಒಂದು ಫ್ರೆಟ್ ಸರಿಸಬೇಕು, ಆಗ ಖಾಲಿ ತಂತಿ ನಿನ್ನ ಜೊತೆ ಸರಿಯುವುದಿಲ್ಲ.

ಕರೆಂಟಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಇದರಲ್ಲಿ ಉಡಾಫೆ ಬೇಡ. ಒಂದು ಜಾತ್ರೆಯಲ್ಲಿ ನನ್ನ ಆಂಪಿಗೆ ಒಂದು ಕಡೆಯಿಂದ ಲೈನ್, ಮೈಕಿನ ಮಿಕ್ಸರಿಗೆ ಜನರೇಟರಿನಿಂದ ಲೈನ್. ಕೋರಸ್ ಹೇಳಲು ಮೈಕಿಗೆ ಬಾಯಿ ಇಟ್ಟೆ, ಕೈ ತಂತಿ ಮೇಲಿತ್ತು. ತುಟಿಗೆ ಚುಳ್ ಅಂತ ಹೊಡೆದದ್ದು ಹಲ್ಲಿನ ಬುಡಕ್ಕೆ ಹೋಯಿತು. ಎರಡು ಹೆಜ್ಜೆ ಹಿಂದೆ ಬಿದ್ದೆ. ಜನ ಡ್ಯಾನ್ಸ್ ಅಂದುಕೊಂಡು ಶಿಳ್ಳೆ ಹೊಡೆದರು. ಅವತ್ತಿನಿಂದ ಜೇಬಿನಲ್ಲಿ ಟೆಸ್ಟರ್ ಇಲ್ಲದೆ ನಾನು ಸ್ಟೇಜ್ ಹತ್ತಿಲ್ಲ. ಮೈಕಿನ ಜಾಲರಿಗೆ ಮುಟ್ಟಿಸಿ ನೋಡು, ನಿನ್ನ ತಂತಿಗೂ ಮುಟ್ಟಿಸಿ ನೋಡು. ಎಲ್ಲವೂ ಒಂದೇ ಬೋರ್ಡಿನಿಂದ ಬರಲಿ. ಹಮ್ಮಿಂಗ್ ಬರುತ್ತೆ ಅಂತ ಕೆಲವರು ಪ್ಲಗ್ಗಿನ ಅರ್ತ್ ಪಿನ್ನನ್ನೇ ಮುರಿದುಹಾಕುತ್ತಾರೆ. ಅಂಥವರ ಜೊತೆ ಎಷ್ಟೇ ಪೇಮೆಂಟ್ ಕೊಟ್ಟರೂ ನುಡಿಸಬೇಡ. ಅಂದಹಾಗೆ ಆ ಹಮ್ಮಿಂಗ್ ಯಾವ ಸ್ವರ ಅಂತ ಯಾವಾಗಲಾದರೂ ನೋಡಿದ್ದೀಯಾ? ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ. ನಿನ್ನ ದಪ್ಪ ತಂತಿಯ ಮೂರನೇ ಫ್ರೆಟ್ಟು, ಅಂದರೆ ಜಿ, 49 ಹರ್ಟ್ಸ್. ಹೆಚ್ಚುಕಮ್ಮಿ ಅದೇ. ಕರೆಂಟೂ ನಮ್ಮ ಜಾತಿಯೇ, ಸ್ವಲ್ಪ ಶ್ರುತಿ ತಪ್ಪಿದೆ ಅಷ್ಟೇ.

ಕಿವಿಯನ್ನೂ ನೋಡಿಕೋ. ನನ್ನ ಎಡಗಿವಿಯಲ್ಲಿ ರಾತ್ರಿ ಹೊತ್ತು ಜೀರುಂಡೆ ಕೂಗುತ್ತದೆ. ಮಲೆನಾಡಿನಲ್ಲಿ ಇದ್ದಿದ್ದರೆ ನಿಜವಾದ ಜೀರುಂಡೆಯೇ ಅಂದುಕೊಳ್ಳಬಹುದಿತ್ತು, ಇಲ್ಲಿ ಸಾಲಗಾಮೆ ರಸ್ತೆಯಲ್ಲಿ ಜೀರುಂಡೆ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷ ಡ್ರಮ್ಸಿನ ಸಿಂಬಲ್ ಪಕ್ಕ ನಿಂತದ್ದರ ಫಲ. ಡಾಕ್ಟರ್ ಲೆಕ್ಕ ಹೇಳಿದರು. 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ಪರವಾಗಿಲ್ಲ. ಆಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಮುಟ್ಟಿದರೆ ಬರೀ 15 ನಿಮಿಷ. ನಾವು ಮೂರು ಗಂಟೆ ನಿಲ್ಲುತ್ತೇವೆ. ಕಿವಿಗೆ ಹಾಕುವ ಪ್ಲಗ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡ, ಹಾಕಿಕೋ.

ದುಡ್ಡಿನ ಮಾತು ಚಿಕ್ಕದು. ಎಷ್ಟು ಅಂತ ಮೊದಲೇ ಮಾತಾಡು, ಗಾಡಿ ಖರ್ಚು ಬೇರೆ ಅಂತಲೂ ಮಾತಾಡು. ನೌಕರಿ ಬಿಡಬೇಡ. ಹವ್ಯಾಸಿ ಅನ್ನಿಸಿಕೊಳ್ಳಲು ನಾಚಿಕೆಪಡುವಂಥದ್ದು ಏನೂ ಇಲ್ಲ, ನಾಟಕದವರು ಹವ್ಯಾಸಿ ತಂಡ ಅಂತ ಎದೆತಟ್ಟಿ ಹೇಳಿಕೊಳ್ಳುವುದಿಲ್ಲವಾ? ಭಾಷಣ ಮುಗಿದು ನಿಮಗೆ ಸ್ಟೇಜ್ ಸಿಗುವ ಹೊತ್ತಿಗೆ ಒಂಬತ್ತಾಗಿರುತ್ತದೆ. ವಿಶೇಷ ಪರ್ಮಿಷನ್ ಇಲ್ಲದಿದ್ದರೆ ರಾತ್ರಿ ಹತ್ತಕ್ಕೆ ಮೈಕ್ ಬಂದ್, ಇದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಪೊಲೀಸಿನವರು ಬಂದರೆ ವಾದ ಮಾಡಬೇಡ, ಕೇಬಲ್ ಸುತ್ತು. ವಾಪಸ್ಸು ಬರುವಾಗ ಮೂಡಿಗೆರೆ ಕಡೆಯಿಂದಾಗಲೀ ಸಕಲೇಶಪುರ, ಆಲೂರು ಕಡೆಯಿಂದಾಗಲೀ ರಾತ್ರಿ ಬೈಕಿನಲ್ಲಿ ಬರಬೇಡ. ಎಸ್ಟೇಟ್ ರಸ್ತೆಯಲ್ಲಿ ಆನೆ ನಿಂತಿದ್ದರೆ ಬೆನ್ನ ಮೇಲೆ ಬೇಸ್ ಹೊತ್ತು ನೀನು ಎಷ್ಟು ದೂರ ಓಡುತ್ತೀಯ?

ಆ ಫೋಟೊ ಇವತ್ತೇ ತೆಗೆ. ಕೊಂಡುಕೊಳ್ಳುವವರು ಯಾರಾದರೂ ಫೋನ್ ಮಾಡಿದ್ದರೆ 'ಮಾವ ಬೇಡ ಅಂದರು' ಅನ್ನು, ನನ್ನ ಮೇಲೆ ಹಾಕು.

ತಂತಿ ಎತ್ತರ ಆಗಿ ಬೆರಳು ನೋಯುತ್ತದೆ ಅಂದಿದ್ದೆಯಂತೆ. ಈ ವರ್ಷದ ಮಳೆಗೆ ನೆಕ್, ಅಂದರೆ ಬೇಸಿನ ಉದ್ದ ಕತ್ತು, ಬಗ್ಗಿರಬೇಕು. ನಾಲ್ಕು ತಂತಿ ಸೇರಿ 70 ಕೆಜಿಗೂ ಜಾಸ್ತಿ ಎಳೆಯುತ್ತಿರುತ್ತವೆ, ಒಂದೂವರೆ ಮೂಟೆ ಸಿಮೆಂಟ್ ತೂಕ. ಮರ ಥಂಡಿ ಕುಡಿದರೆ ಸುಮ್ನಿರುತ್ತದಾ? ಒಳಗೊಂದು ಕಬ್ಬಿಣದ ಸರಳು ಇದೆ, ಅದನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ನೀನೇ ತಿರುಗಿಸಲು ಹೋಗಬೇಡ. ಬರುವ ಭಾನುವಾರ ಬೇಲೂರು ಮೇಲೆ ಬರುವ ಬೆಳಗಿನ ಬಸ್ಸಿಗೆ ಬಾ. ಸರಳು ತಿರುಗಿಸುವ ಅಲೆನ್ ಕೀ ನನ್ನ ಹತ್ತಿರ ಇದೆ, ಹಾರ್ಲಿಕ್ಸ್ ಬಾಟಲಿಯಲ್ಲಿ. ಹೊಸ ತಂತಿ ತರುವುದು ಬೇಡ, ಹಳೆಯದನ್ನೇ ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಒರೆಸಿದರೆ ಬೆವರು, ಕೊಳೆ ಎಲ್ಲ ಬಿಟ್ಟು ಇನ್ನೊಂದು ನಾಲ್ಕು ಪ್ರೋಗ್ರಾಂ ಬರುತ್ತದೆ. ನಿಮ್ಮತ್ತೆ ಈಗಲೇ ಹೇಳಿದ್ದಾಳೆ, ಅನ್ನದ ಪಾತ್ರೆ ಕೊಡುವುದಿಲ್ಲವಂತೆ. ಸ್ನಾನದ ನೀರು ಕಾಯಿಸುವ ಹಳೇ ಪಾತ್ರೆ ತೆಗೆದಿಟ್ಟಿದ್ದೇನೆ. ಬರುವಾಗ ಅರ್ಧ ಕೆಜಿ ಕಾಫಿಪುಡಿ ತಾ, ಚಿಕೋರಿ ಹಾಕಿಸಬೇಡ.

ನಿನ್ನ ಮಾವ