ನಾಲ್ಕು ಸ್ಯಾಕ್ಸೋಫೋನು, ಮೈಕಿಲ್ಲ

ಪ್ರಿಯ ಓದುಗರೇ,

ಸ್ಯಾಕ್ಸೋಫೋನ್ ಅಂದ ಕೂಡಲೇ ನಮ್ಮವರ ಬಾಯಿಗೆ ಬರುವ ಹೆಸರು ಒಂದೇ, ಕದ್ರಿ ಗೋಪಾಲನಾಥ್. ಫಿನ್ಲೆಂಡಿನ ನಮ್ಮ ಕನ್ನಡ ಸಂಘದಲ್ಲಿ ಮಂಗಳೂರು, ಉಡುಪಿ ಕಡೆಯವರಿದ್ದರಂತೂ ಮುಗಿಯಿತು. ಅಲ್ಲಿ ಮದುವೆ, ದೇವಸ್ಥಾನದ ಉತ್ಸವ, ಕೋಲ ಯಾವುದಕ್ಕೂ ಈ ವಾದ್ಯ ಹೊಸತಲ್ಲ. ಹಾಗಾಗಿ ಹೋದ ತಿಂಗಳು ಹೆಲ್ಸಿಂಕಿ ಪಕ್ಕದ ಎಸ್ಪೂವಿನ ಸಣ್ಣ ಸಭಾಂಗಣವೊಂದರಲ್ಲಿ ನಾಲ್ಕು ಸ್ಯಾಕ್ಸೋಫೋನ್‌ಗಳ ಕಛೇರಿ ಇದೆ, ನುಡಿಸುವುದೆಲ್ಲ ಫಿನ್ಲೆಂಡಿನವರದೇ ಸಂಗೀತ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದಾಗ ಬಂದ ಮೊದಲ ಪ್ರಶ್ನೆ, "ಮೃದಂಗ ಯಾರದು?" ಎರಡನೆಯದು, "ಪಾರ್ಕಿಂಗ್ ಇದೆಯಾ?"

ಮೃದಂಗ ಇರಲಿಲ್ಲ. ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ, ಮುಖ್ಯವಾಗಿ ಮೈಕ್ ಇಲ್ಲ. ಒಂದು ಕೋಣೆ, ಅರ್ಧಚಂದ್ರಾಕಾರವಾಗಿ ಸೇರಿದ ನಾಲ್ವರು, ಎದುರಿಗೆ ಸ್ವರಲಿಪಿಯ ಸ್ಟ್ಯಾಂಡುಗಳು. ಆಲ್ಟೊ ಸ್ಯಾಕ್ಸೋಫೋನ್ ಊದುವಾಕೆ ಫಿನ್ನಿಷಿನಲ್ಲಿ ಎರಡು ಮಾತು, ಇಂಗ್ಲಿಷಿನಲ್ಲಿ ಎರಡು ಮಾತು ಆಡಿ ನಿಲ್ಲಿಸಿದರು. ನಮ್ಮ ಕಾರ್ಯಕ್ರಮಗಳಲ್ಲಿ ಅಷ್ಟು ಹೊತ್ತಿಗೆ ನಿರೂಪಕರು ವೇದಿಕೆಯ ಮೇಲಿನ ಗಣ್ಯರಲ್ಲಿ ಅರ್ಧ ಜನರ ಹೆಸರನ್ನೂ ಹೇಳಿ ಮುಗಿಸಿರುವುದಿಲ್ಲ.

ಛೇಂಬರ್ ಮ್ಯೂಸಿಕ್ ಎಂದರೆ ಕೋಣೆಯೊಳಗಿನ ಸಂಗೀತ. ಒಂದೊಂದು ಧ್ವನಿಗೆ ಒಬ್ಬೊಬ್ಬರೇ, ಎದುರಿಗೆ ಕೋಲು ಬೀಸುವವರು ಯಾರೂ ಇಲ್ಲ. ಎಲ್ಲಿ ಶುರು, ಎಲ್ಲಿ ನಿಲುಗಡೆ ಎಂಬುದು ಕಣ್ಣಲ್ಲಿ, ಉಸಿರೆಳೆದುಕೊಳ್ಳುವ ಸದ್ದಿನಲ್ಲಿ, ವಾದ್ಯದ ತುದಿಯನ್ನು ಒಂದಿಷ್ಟು ಎತ್ತಿ ಇಳಿಸುವುದರಲ್ಲಿ ತೀರ್ಮಾನವಾಗುತ್ತದೆ. ಸೋಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ನಾಲ್ಕಕ್ಕೂ ಬೆರಳಿನ ಕ್ರಮ ಒಂದೇ, ಗಾತ್ರ ಮಾತ್ರ ಬೇರೆ. ಒಂದೇ ಮನೆತನದ ವಾದ್ಯಗಳಾದ್ದರಿಂದ ನಾಲ್ಕೂ ಬೆರೆತರೆ ಯಾವುದು ಯಾರದು ಎಂದು ಕಿವಿಗೆ ತಿಳಿಯುವುದಿಲ್ಲ. ಬೇರೆಯಾದಾಗ ಮಾತ್ರ ಬ್ಯಾರಿಟೋನಿನ ಗೊಗ್ಗರು ದನಿ, ಸೋಪ್ರಾನೊದ ನಾಗಸ್ವರದಂಥ ಮೊನಚು ಸ್ಪಷ್ಟವಾಗಿ ಕಾಣಿಸುತ್ತವೆ.

ನನಗೆ ಕುತೂಹಲ ಇದ್ದದ್ದು ಶ್ರುತಿಯ ಬಗ್ಗೆ. ಆಧಾರಷಡ್ಜ ಹಿಂದೆ ಮೊಳಗುತ್ತಿಲ್ಲದಿದ್ದರೆ ನಾಲ್ವರು ಹೇಗೆ ಕೂಡುತ್ತಾರೆ? ಸ್ಯಾಕ್ಸೋಫೋನ್‌ನಲ್ಲಿ ಸ್ವರ ಕೀಲಿಯಿಂದಷ್ಟೇ ಹುಟ್ಟುವುದಿಲ್ಲ. ತುಟಿ ಸಡಿಲಿಸಿದರೆ ಇಳಿಯುತ್ತದೆ, ಬಿಗಿದರೆ ಏರುತ್ತದೆ. ಗೋಪಾಲನಾಥರು ಗಮಕ ತೆಗೆಯುವಾಗ ಬೆರಳಿನ ಜಾರಿಕೆಯ ಜೊತೆ ದುಡಿಸಿಕೊಂಡದ್ದು ಈ ಗುಣವನ್ನೇ. ಅಲ್ಲಿ ಸ್ವರವನ್ನು ಅಲುಗಿಸುವ ತುಟಿ ಇಲ್ಲಿ ಸ್ವರವನ್ನು ನಿಲ್ಲಿಸುವ ಕೆಲಸ ಮಾಡುತ್ತದೆ. ಒಂದು ಕ್ಷಣ ಬ್ಯಾರಿಟೋನ್ ಉಳಿದವರಿಗೆ ಶ್ರುತಿ, ಮರುಕ್ಷಣ ಆ ಹೊರೆ ಟೆನರಿನ ಮೇಲೆ. ಅದನ್ನು ಹಿಂಬಾಲಿಸಲು ಕಲಿತರೆ, ರಾಗದ ದಾರಿ ಇಲ್ಲದ ಕಡೆಯೂ ಕಿವಿಗೆ ಕೆಲಸ ಸಿಗುತ್ತದೆ. ಬೇರೆ ಬೇರೆ ಸ್ವರಗಳು ಒಟ್ಟಿಗೇ ಮೊಳಗುವ ಹಾರ್ಮನಿ ನಮಗೆ ಒಗ್ಗುವುದಿಲ್ಲ ಎಂದು ಕೈಬಿಟ್ಟವರು ಹೀಗೊಮ್ಮೆ ಕೇಳಿ ನೋಡಬೇಕು.

ಮೊದಲು ನುಡಿಸಿದ್ದು ಫಿನ್ಲೆಂಡಿನ ಹೆಸರಾಂತ ಸಂಗೀತ ರಚನಕಾರ ಸಿಬೇಲಿಯಸ್‌ನ 'ಅಂದಾಂತೆ ಫೆಸ್ತಿವೊ'. ಈ ದೇಶದಲ್ಲಿ ಒಂದು ವರ್ಷ ಇದ್ದವರ ಕಿವಿಗೂ ಎಲ್ಲೋ ಒಂದು ಕಡೆ ಬಿದ್ದಿರುವ ಕೃತಿ. ಅದರ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. 1922ರಲ್ಲಿ ಯುವಾಸ್ಕುಲಾ ಹತ್ತಿರದ ಸ್ಯಾಯ್ನಾತ್ಸಾಲೊದ ಮರದ ಕಾರ್ಖಾನೆಗೆ 25 ವರ್ಷ ತುಂಬಿತು. ಸಮಾರಂಭಕ್ಕೆ ಹಾಡುಗಾರರ ಮೇಳಕ್ಕೊಂದು ದೊಡ್ಡ ಕೃತಿ ಬರೆದುಕೊಡಿ ಎಂದು ಕೇಳಿದರೆ ಸಿಬೇಲಿಯಸ್ ಕೊಟ್ಟದ್ದು ನಾಲ್ಕು ತಂತಿವಾದ್ಯಗಳ ಐದಾರು ನಿಮಿಷದ ಈ ತುಣುಕು. ಆಮೇಲೆ ತಂತಿವಾದ್ಯಗಳ ಆರ್ಕೆಸ್ಟ್ರಾಕ್ಕೆ ಅದನ್ನು ಹಿಗ್ಗಿಸಿ, 1939ರ ಜನವರಿ 1ರಂದು ಹೆಲ್ಸಿಂಕಿಯಿಂದ ಹೊರದೇಶಗಳಿಗೆ ಬಾನುಲಿಯಲ್ಲಿ ಬಿತ್ತರಿಸಿದಾಗ ತಾನೇ ನಿಂತು ನಡೆಸಿದ. ಸಿಬೇಲಿಯಸ್ ತನ್ನ ಸಂಗೀತವನ್ನು ತಾನೇ ನಡೆಸಿದ ಧ್ವನಿಮುದ್ರಣ ಉಳಿದಿರುವುದು ಇದೊಂದೇ. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಹೊಸೆದ ರಚನೆ ಒಂದು ದೇಶದ ದನಿಯಾಗಿ ಹೊರಟಿತು. ಸಂಘಸಂಸ್ಥೆಗಳ ಸಮಾರಂಭಗಳನ್ನು ಮೂಗು ಮುರಿದು ನೋಡುವ ನನ್ನಂಥವರಿಗೆ ಇದು ಸ್ವಲ್ಪ ಕಸಿವಿಸಿಯ ವಿಷಯ.

ಸ್ಯಾಕ್ಸೋಫೋನಿಗೆ ಬಂದಾಗ ಈ ಕೃತಿಯ ಕಷ್ಟವೇ ಬೇರೆಯಾಗುತ್ತದೆ. ಪಿಟೀಲಿನ ಕಮಾನಿಗೆ ಉಸಿರು ಬೇಡ, ಸಾಲು ಎಷ್ಟು ಉದ್ದವಾದರೂ ಎಳೆಯಬಹುದು. ಊದುವವರು ಎಲ್ಲೋ ಒಂದು ಕಡೆ ಉಸಿರು ತೆಗೆದುಕೊಳ್ಳಲೇಬೇಕು, ಧ್ವನಿಗೊಬ್ಬರೇ ಇರುವಾಗ ಆ ಸಂದು ತುಂಬಲು ಪಕ್ಕದಲ್ಲಿ ಮತ್ತೊಬ್ಬರಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ನಮಗೆ ಆ ನಾಲ್ವರ ಉಸಿರು ಕೇಳಿಸುತ್ತಿತ್ತು, ಕೀಲಿಯ ಚರ್ಮದ ಪ್ಯಾಡುಗಳು ಟಪ್ ಎಂದು ಮುಚ್ಚುವುದೂ ಕೇಳಿಸುತ್ತಿತ್ತು. ಮೈಕ್ ಇದ್ದಿದ್ದರೆ ಇವೆಲ್ಲ ಅಡಚಣೆ ಅನ್ನಿಸುತ್ತಿತ್ತೇನೋ. ಇಲ್ಲಿ ಹಾಗಾಗಲಿಲ್ಲ.

ಎರಡನೆಯದು ಎರಿಕ್ ಬೆರ್ಗ್ಮನ್ 1985ರಲ್ಲಿ ನಾಲ್ಕು ಸ್ಯಾಕ್ಸೋಫೋನ್‌ಗಳಿಗೆಂದೇ ಬರೆದ 'ಎತ್ವಾಸ್ ರಾಶರ್'. 1911ರಲ್ಲಿ ಹುಟ್ಟಿ 2006ರವರೆಗೆ ಬದುಕಿದ ಬೆರ್ಗ್ಮನ್ ಈ ದೇಶದ ನವ್ಯ ಸಂಗೀತದ ಹಿರಿಯ. ಪೂರ್ವದೇಶಗಳ ಕಡೆಗೂ ಕಿವಿ ತೆರೆದವರು, ಟಿಬೆಟಿನ ಮೃತರ ಗ್ರಂಥವನ್ನಿಟ್ಟುಕೊಂಡೂ ಒಂದು ದೊಡ್ಡ ಕೃತಿ ರಚಿಸಿದ್ದಾರೆ. ನಿಜ ಹೇಳುತ್ತೇನೆ, ಮೊದಲ ಕೇಳ್ಮೆಗೆ ನನಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರು "ಇವರು ಇನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಾರಾ?" ಎಂದು ಕಿವಿಯಲ್ಲಿ ಕೇಳಿದರು. ಆದರೆ ಎಂಟನೇ ತರಗತಿಯ ನಮ್ಮ ಹುಡುಗಿಯೊಬ್ಬಳು, ಇಲ್ಲಿನ ಸಂಗೀತಶಾಲೆಯಲ್ಲಿ ಆಲ್ಟೊ ಕಲಿಯುತ್ತಿರುವವಳು, ಅದೇ ಅತ್ಯಂತ ಚೆನ್ನಾಗಿತ್ತು ಎಂದಳು. ಅವಳಿಗೆ ಅದರ ಹಿಂದೆ ಬೆರಳು ಮತ್ತು ನಾಲಿಗೆಯ ಕೆಲಸ ಎಷ್ಟಿದೆ ಎಂಬುದು ಗೊತ್ತಾಗುತ್ತಿತ್ತು.

ಇಡೀ ಕಾರ್ಯಕ್ರಮ ಇಷ್ಟು ಸ್ವಾಭಾವಿಕ ಅನ್ನಿಸಲು ಕಾರಣವನ್ನು ಮನೆಗೆ ಬಂದ ಮೇಲೆ ಹುಡುಕಿದೆ. ಮೇಲುನೋಟಕ್ಕೆ ಫ್ರಾನ್ಸಿನ ಸೇನಾ ಬ್ಯಾಂಡಿನ ವಾದ್ಯವಾದ ಸ್ಯಾಕ್ಸೋಫೋನಿಗೂ ಫಿನ್ಲೆಂಡಿನ ಕೋಣೆ ಸಂಗೀತಕ್ಕೂ ಸಂಬಂಧವಿಲ್ಲ. ಆದರೆ ಊದುವ ವಾದ್ಯಗಳ ಸಣ್ಣ ಮೇಳ ಈ ನೆಲದಲ್ಲಿ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ಊರೂರಲ್ಲೂ ಏಳು ಜನರ ಹಿತ್ತಾಳೆ ವಾದ್ಯಮೇಳ ಇತ್ತು. ತೊರ್ವಿಸೈಟ್ಸಿಕ್ಕೊ ಎನ್ನುತ್ತಾರೆ. ತುತ್ತೂರಿಯಂಥ ಮೂರು ಕಾರ್ನೆಟ್, ಆಲ್ಟೊ, ಟೆನರ್, ಬ್ಯಾರಿಟೋನ್ ಕೊಂಬುಗಳು, ಕೆಳಗೆ ಟ್ಯೂಬಾ. ಹೆಲ್ಸಿಂಕಿಯ ಸೇನಾ ಬ್ಯಾಂಡ್ ನಡೆಸುತ್ತಿದ್ದ ಅಡಾಲ್ಫ್ ಲೆಆಂಡರ್ ಇದಕ್ಕೆ ರೂಪ ಕೊಟ್ಟವರೆಂದು ಹೆಸರಾದವರು. ಊದುತ್ತಿದ್ದವರು ಸ್ವಯಂಸೇವಕ ಅಗ್ನಿಶಾಮಕ ದಳದವರು, ಕಾರ್ಮಿಕ ಸಂಘದವರು, ಯುವಜನ ಸಂಘದವರು. ಹಗಲು ಮರ ಕೊಯ್ದು, ಸಂಜೆ ಕಾರ್ನೆಟ್ ಹಿಡಿದವರು. ವಿದ್ಯಾರ್ಥಿ ಸಿಬೇಲಿಯಸ್ 1889ರಲ್ಲೇ ಇಂಥ ಮೇಳಕ್ಕಾಗಿ ಬರೆದಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ ಊಸಿಕಾಉಪುಂಕಿ ಎಂಬ ಊರಿನ ಬಡ ಪುಸ್ತಕ ಕಟ್ಟುವವನ ಮಗ ಬೆರ್ನ್‌ಹಾರ್ಡ್ ಕ್ರುಸೆಲ್ ಸಿಗುತ್ತಾನೆ. ಇವತ್ತು ನಾವು ದೋಣಿ ಹತ್ತಿ ಪಿಕ್ನಿಕ್ಕಿಗೆ ಹೋಗುವ ಸುಓಮೆನ್ಲಿನ್ನಾ ಕೋಟೆಯ ಬ್ಯಾಂಡಿಗೆ ಹುಡುಗನಾಗಿ ಸೇರಿ, ಆಮೇಲೆ ಕ್ಲ್ಯಾರಿನೆಟ್‌ಗೆ ಯುರೋಪಿನಲ್ಲೆಲ್ಲ ಹೆಸರಾದ ರಚನೆಗಳನ್ನು ಕೊಟ್ಟವನು.

ಸ್ಯಾಕ್ಸೋಫೋನ್ ಈ ದೇಶದಲ್ಲಿ ಜನಪ್ರಿಯವಾದ ಬಗೆ ಇನ್ನೂ ಸ್ವಾರಸ್ಯದ್ದು, ವಲಸಿಗರ ಸಂಘದ ಪತ್ರಿಕೆಗೆ ಹೇಳಿ ಮಾಡಿಸಿದ್ದು. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಎಲ್ಲರಿಗೂ ಗೊತ್ತು. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತರ ಆರಂಭದಲ್ಲಿ ಸುಮಾರು ಮೂರು ಲಕ್ಷ ಫಿನ್ನರು ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದರು. ಮಿನ್ನೆಸೋಟ, ಮಿಷಿಗನ್‌ನ ಗಣಿ ಊರುಗಳಲ್ಲಿ ತಮ್ಮದೇ ಸಭಾಭವನಗಳನ್ನು ಕಟ್ಟಿಕೊಂಡರು. ಅಲ್ಲಿ ನಾಟಕ, ಕುಣಿತ, ಬ್ಯಾಂಡು, ಕಾಫಿ. ಸಂಘ ಒಡೆದು ಎರಡಾಗುವುದೂ ಇತ್ತು, ಒಂದೇ ಊರಿನಲ್ಲಿ ಎರಡೂ ಬಣಕ್ಕೆ ಒಂದೊಂದು ಭವನ. (ಓದುತ್ತ ಓದುತ್ತ ಇದನ್ನು ಎಲ್ಲೋ ಕಂಡ ಹಾಗಿದೆಯಲ್ಲ ಎಂದುಕೊಂಡೆ.) ಆ ವಲಸಿಗರ ಮಕ್ಕಳ ಜಾಝ್ ತಂಡವೊಂದು 1926ರಲ್ಲಿ 'ಅಂದಾನಿಯಾ' ಎಂಬ ಹಡಗಿನಲ್ಲಿ ಹೆಲ್ಸಿಂಕಿಗೆ ಬಂದಿಳಿಯಿತು. ಇಲ್ಲಿನ ವಾದ್ಯಗಾರರು ಅಮೆರಿಕದ ಶೈಲಿಯ ಸ್ಯಾಕ್ಸೋಫೋನನ್ನು ಕಣ್ಣೆದುರಿಗೆ ಕಂಡದ್ದು ಆಗ. ತವರಿಗೆ ಹೋಗುವ ವಲಸಿಗರು ಚಾಕೊಲೇಟ್ ಬಿಟ್ಟು ಬೇರೆಯದನ್ನೂ ಒಯ್ಯಬಹುದು ಅನ್ನುವುದಕ್ಕೆ ಈ ಹಡಗು ಸಾಕ್ಷಿ.

ನಮ್ಮ ಕಡೆಯೂ ವಾದ್ಯ ಬಂದದ್ದು ಬ್ಯಾಂಡಿನ ಹಾದಿಯಲ್ಲೇ. ನಾಗಸ್ವರ ವಿದ್ವಾಂಸರ ಮಗ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಯೇ ಬಿಟ್ಟರು. 1994ರಲ್ಲಿ ಲಂಡನ್ನಿನ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು, 2019ರಲ್ಲಿ ತೀರಿಕೊಂಡರು. ಅವರು ಹುಟ್ಟಿದ 1949ರಲ್ಲೇ ಫಿನ್ಲೆಂಡಿನ ಫೋರ್ಸಾದಲ್ಲಿ ಹುಟ್ಟಿದ ಕಾಲೆವಿ ಅಹೋ ಆಲ್ಟೊ ಸ್ಯಾಕ್ಸೋಫೋನ್ ಮತ್ತು ತಂತಿವಾದ್ಯಗಳಿಗೆ ಛೇಂಬರ್ ಸಿಂಫನಿ ಬರೆದರು, ಸ್ಯಾಕ್ಸೋಫೋನ್ ಚತುಷ್ಕ ಮತ್ತು ಆರ್ಕೆಸ್ಟ್ರಾಕ್ಕೆ ಒಂದು ಕಾನ್ಚೆರ್ಟೊ (ಮುಖ್ಯ ವಾದಕರು ಆರ್ಕೆಸ್ಟ್ರಾದ ಜೊತೆ ನುಡಿಸುವ ಕೃತಿ) ಬರೆದರು. ಇಬ್ಬರಿಗೂ ಪರಸ್ಪರ ಸಂಬಂಧವಿಲ್ಲ. ಆದರೂ ನಮ್ಮ ಮಕ್ಕಳ ಪ್ಲೇಲಿಸ್ಟಿನಲ್ಲಿ ಇಬ್ಬರೂ ಇರಲಿ ಎಂದು ಹೇಳುತ್ತೇನೆ.

ಈಗ ನನ್ನ ತಕರಾರು. ನಾವು ಇಲ್ಲಿಗೆ ಬಂದು ಹತ್ತು ಹದಿನೈದು ವರ್ಷವಾದವರೂ ಇಂಥ ಕಛೇರಿಗಳಿಗೆ ಹೋಗುವುದಿಲ್ಲ. ಬೆಂಗಳೂರಿನ ಗಾಯಕರು ಬಂದರೆ ಎಂಬತ್ತು ಯೂರೋ ಕೊಡುತ್ತೇವೆ. ಹೆಲ್ಸಿಂಕಿಯ ಸಂಗೀತ ವಿದ್ಯಾಲಯ ಸಿಬೇಲಿಯಸ್ ಅಕಾಡೆಮಿಯ ವಿದ್ಯಾರ್ಥಿಗಳು ಎಷ್ಟೋ ಸಲ ಪುಕ್ಕಟೆ ನುಡಿಸುತ್ತಾರೆ, ಅಲ್ಲಿ ನಮ್ಮವರ ಮುಖ ಕಾಣುವುದು ಅಪರೂಪ. ನಾವು ಮಾಡುವ ಕಾರ್ಯಕ್ರಮಗಳೋ, ಸ್ಪೀಕರಿನ ಎತ್ತರದ ಮೇಲೆ ಯಶಸ್ಸು ಅಳೆಯುವ ಮಟ್ಟಕ್ಕೆ ಬಂದಿವೆ. ಕಳೆದ ರಾಜ್ಯೋತ್ಸವದಲ್ಲಿ ಪುಟ್ಟ ಮಗುವೊಂದು ವಚನ ಹಾಡುವಾಗ ಮೈಕ್ ಕಿರುಚಿ ಮಗು ಅತ್ತದ್ದು ನೆನಪಿದೆ. ಆ ದನಿ ಮೈಕಿಲ್ಲದೆ ಮೊದಲ ಐದು ಸಾಲಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಉಳಿದವರು ಮುಂದೆ ಬಂದು ಕೂರಬಹುದಿತ್ತು.

ಕುಹ್ಮೋ ಎಂಬ ಊರನ್ನು ನೋಡಿ. ರಷ್ಯಾ ಗಡಿಯ ಹತ್ತಿರ, ಕಾಡಿನ ನಡುವೆ, ಜನಸಂಖ್ಯೆ ಹತ್ತು ಸಾವಿರವೂ ಇಲ್ಲ. ಸೆಪ್ಪೊ ಕಿಮಾನೆನ್ ಎಂಬ ಸೆಲ್ಲೊ ವಾದಕ 1970ರಲ್ಲಿ ಅಲ್ಲಿ ಛೇಂಬರ್ ಮ್ಯೂಸಿಕ್ ಉತ್ಸವ ಶುರುಮಾಡಿದರು. ಮೊದಮೊದಲು ಶಾಲೆಯ ಹಜಾರದಲ್ಲೇ ಕಛೇರಿ. ಒಳ್ಳೆಯ ಸಭಾಂಗಣ ಬಂದದ್ದು 1993ರಲ್ಲಿ, ಅಂದರೆ ಎರಡು ದಶಕ ದಾಟಿದ ಮೇಲೆ. ಮೊದಲು ಭವನ, ಆಮೇಲೆ ಸಂಗೀತ ಎಂದು ಅವರು ಕಾಯಲಿಲ್ಲ. ನಮ್ಮಲ್ಲಿ ಮನೆ ಕಛೇರಿಗಳೂ ಹಾಗೇ ನಡೆಯುತ್ತಿದ್ದವು. ಪಡಸಾಲೆಯ ಜಮಖಾನೆ, ಎದುರಿಗೆ ಮೂವತ್ತು ಜನ, ತಾಳ ಹಾಕುವ ಅಜ್ಜ, ಒಳಗಿಂದ ಬರುವ ಕಾಫಿ ಹುಡಿಯ ವಾಸನೆ. ಇಲ್ಲಿ ಮಧ್ಯಂತರದಲ್ಲಿ ಕಾಫಿಯ ಜೊತೆ ಪುಲ್ಲಾ ಎಂಬ ಸಿಹಿ ಬನ್ನು ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲೂ ಮೈಕಿಲ್ಲದ ಸಣ್ಣ ಕಛೇರಿ ಬೇಕೆಂಬ ವಿಷಯ ಕಾರ್ಯಕಾರಿ ಸಮಿತಿಯಲ್ಲಿ ಚರ್ಚೆಯಾಗಿದೆ. ಜೋರಾಗಿಯೇ ಆಗಿದೆ. "ಜನ ಬರುವುದಿಲ್ಲ" ಎಂದವರೂ, "ಹಿಂದೆ ಕೂತವರಿಗೆ ಕೇಳಿಸುವುದಿಲ್ಲ" ಎಂದವರೂ ಇದ್ದಾರೆ. ಎರಡೂ ಏಕಕಾಲಕ್ಕೆ ನಿಜವಾಗಲಾರದು ಎಂದು ನಾನು ವಾದಿಸಿದೆ. ಕೊನೆಗೆ ಒಪ್ಪಿಗೆಯಾದದ್ದು ಇಷ್ಟು. ನವೆಂಬರಿನ ರಾಜ್ಯೋತ್ಸವ ಎಂದಿನಂತೆ ಸ್ಪೀಕರ್ ಸಮೇತ ನಡೆಯುತ್ತದೆ. ಅದಕ್ಕೆ ಎರಡು ವಾರ ಮೊದಲು, ಗ್ರಂಥಾಲಯದ ನಲವತ್ತು ಕುರ್ಚಿಯ ಕೋಣೆಯಲ್ಲಿ ಒಂದೂವರೆ ಗಂಟೆಯ ಸಂಜೆ. ಮೈಕ್ ಇಲ್ಲ, ಸ್ವಾಗತ ಭಾಷಣ ಇಲ್ಲ, ಶಾಲು ಹಾರ ಇಲ್ಲ. ಸಂಗೀತಶಾಲೆಯಲ್ಲಿ ಕಲಿಯುತ್ತಿರುವ ಮಕ್ಕಳು ಪಿಟೀಲು, ಕಾಂತೆಲೆ (ಫಿನ್ಲೆಂಡಿನ ತಂತಿವಾದ್ಯ), ಸ್ಯಾಕ್ಸೋಫೋನ್ ಏನನ್ನೇ ನುಡಿಸಲಿ, ಇಬ್ಬರು ಮೂವರು ಜೊತೆಗೂಡಿ ನುಡಿಸಿದರೆ ಇನ್ನೂ ಒಳ್ಳೆಯದು. ಹಾಡುವ ದೊಡ್ಡವರಿಗೂ ಜಾಗವಿದೆ, ಕರೋಕೆ ಟ್ರ್ಯಾಕ್ ತರುವವರಿಗೆ ಇಲ್ಲ. ಹೆಸರನ್ನು ಈ ತಿಂಗಳ ಕೊನೆಯೊಳಗೆ ಕಾರ್ಯದರ್ಶಿಗಳಿಗೆ ಕಳಿಸಿ. ಆಲ್ಟೊ ಕಲಿಯುವ ಹುಡುಗಿ ಈಗಾಗಲೇ ಹೆಸರು ಕೊಟ್ಟಿದ್ದಾಳೆ. ಅವಳ ಜೊತೆ ಟೆನರ್ ಊದುವವರು ಬೇಕು.

ಸಂಪಾದಕ